ಸುಯ್ ಸದ್ದು ನಿಂತ ಮೇಲೆ

ನಾನು ಒಂದು ಸ್ಟೆತಸ್ಕೋಪು. ಎದೆಯ ಮೇಲೆ ಇಡುವ ಒಂದು ಬಿಲ್ಲೆ, ಅದರಿಂದ ಹೊರಟ ಕರಿ ರಬ್ಬರಿನ ಕೊಳವೆ, ಕೊಳವೆ ಕವಲೊಡೆದ ತುದಿಗಳಲ್ಲಿ ಕಿವಿಗೆ ಸಿಕ್ಕಿಸುವ ಎರಡು ಗುಂಡಿ. ನನ್ನ ಮೈ ಇಷ್ಟೇ. ಸ್ವಭಾವದ ಮಾತು ಬಂದರೆ, ಈಗಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಸಂಶಯದವನು. "ನನಗೇನೂ ಆಗಿಲ್ಲ, ಆರಾಮಿದ್ದೇನೆ" ಎಂದು ಯಾರಾದರೂ ನಕ್ಕರೆ ನನಗೆ ಮೊದಲು ಅನುಮಾನ ಬರುವುದು ಆ ನಗುವಿನ ಮೇಲೆಯೇ. ಇದಕ್ಕೆ ನನ್ನನ್ನು ಬೈದು ಫಲವಿಲ್ಲ. ನಾನು ಹುಟ್ಟಿದ ಜಾಗವೇ ಅಂಥದು.

ಅದೊಂದು ತಗಡಿನ ಛಾವಣಿಯ ಕಾರ್ಖಾನೆ. ಒಬ್ಬಾಕೆ ಕೊಳವೆ ಕತ್ತರಿಸುತ್ತಿದ್ದಳು, ಇನ್ನೊಬ್ಬಾಕೆ ಬಿಲ್ಲೆಗೆ ತೆಳು ಪರದೆ ಬಿಗಿಯುತ್ತಿದ್ದಳು. ಸಾಲಿನ ಕೊನೆಯಲ್ಲಿ ದಪ್ಪ ಕನ್ನಡಕದ ಒಬ್ಬ ಮನುಷ್ಯ ಕೂತಿದ್ದ. ಬಂದ ಪ್ರತಿಯೊಂದು ಸ್ಟೆತಸ್ಕೋಪನ್ನೂ ಕಿವಿಗೆ ಹಾಕಿಕೊಂಡು, ಬಿಲ್ಲೆಯನ್ನು ಉಗುರಿನಿಂದ ಟಕ್ಕೆಂದು ಬಡಿದು, ಹುಬ್ಬು ಗಂಟಿಕ್ಕಿ ಕೇಳುವುದೇ ಅವನ ಕೆಲಸ. ಯಾವುದನ್ನೂ ಅವನು ನಂಬುತ್ತಿರಲಿಲ್ಲ. ನನ್ನನ್ನಂತೂ ಒಮ್ಮೆ ಪಕ್ಕಕ್ಕೆ ಇಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಬಡಿದು, ಒಲ್ಲದ ಮನಸ್ಸಿನಿಂದಲೇ ಪಾಸು ಮಾಡಿದ. ನನ್ನ ಬದುಕಿನ ಮೊದಲ ಪಾಠ ಅದೇ ಇರಬೇಕು.

ಅಲ್ಲಿಂದ ಧಾರವಾಡಕ್ಕೆ ಬಂದು ಡಾಕ್ಟರ್ ಮಾಧವರಾವ್ ಹೊಸಕೇರಿ ಅವರ ಕೊರಳಿಗೆ ಬಿದ್ದೆ. ಸಣ್ಣ ದವಾಖಾನೆ, ದೊಡ್ಡ ಜನಜಂಗುಳಿ. ಅಲ್ಲಿ ನನ್ನ ಸಂಶಯಕ್ಕೆ ಒಳ್ಳೆಯ ಮೇವು ಸಿಕ್ಕಿತು. ಬೀಡಿ ಬಿಟ್ಟು ವರ್ಷವಾಯಿತು ಎಂದು ಆಣೆ ಹಾಕಿದವನ ಎದೆಯೊಳಗೆ ಗೊರಗೊರ ಕೇಳುತ್ತಿತ್ತು. ಶಾಲೆಯ ಪರೀಕ್ಷೆಯ ದಿನ ಜೀವ ಹೋಗುವಷ್ಟು ನೋವು ಎಂದು ನರಳಿದ ಹುಡುಗನ ಹೊಟ್ಟೆ ತಣ್ಣಗೆ ಮಲಗಿರುತ್ತಿತ್ತು. ಬಾಯಿ ಒಂದು ಹೇಳಿದರೆ ಎದೆ ಇನ್ನೊಂದು ಹೇಳುತ್ತದೆ ಎಂಬುದನ್ನು ನಾನು ಅಲ್ಲಿ ಕಲಿತೆ. ಎದೆಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ ಎಂಬುದನ್ನು ಕಲಿತದ್ದು ಮಾತ್ರ ಆಮೇಲೆ, ಮೌನೇಶ ಬಡಿಗೇರನ ಮನೆಯಲ್ಲಿ.

ಮೌನೇಶ ಹಾರ್ಮೋನಿಯಂ ಮಾಡುವವನು. ಹೊಸದು ಮಾಡುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೇ ಹೆಚ್ಚು. ಹೊಸಕೇರಿ ಡಾಕ್ಟರು ಸಂಜೆ ಹೊತ್ತು ಹಾರ್ಮೋನಿಯಂ ನುಡಿಸುತ್ತಿದ್ದರು. ನುಡಿಸುತ್ತಿದ್ದರು ಎಂದು ಅವರೇ ಹೇಳುತ್ತಿದ್ದರು, ಅಕ್ಕಪಕ್ಕದವರ ಅಭಿಪ್ರಾಯ ಬೇರೆ ಇತ್ತು. ಅದನ್ನು ಸರಿಮಾಡಲು ಮೌನೇಶ ಆಗಾಗ ದವಾಖಾನೆಯ ಹಿಂದಿನ ಕೋಣೆಗೆ ಬರುತ್ತಿದ್ದ. ಅವನ ಕಿವಿ ಎಂಥದೆಂದರೆ, ಪೆಟ್ಟಿಗೆಗೆ ಗಾಳಿ ತುಂಬುವ ತಿದಿಯನ್ನು ಒಮ್ಮೆ ಎಳೆದು ಬಿಟ್ಟು, ಕಣ್ಣು ಮುಚ್ಚಿ ಕೇಳಿ, "ಎಡಗಡೆ ಮೂಲ್ಯಾಗ ಸೋರಾಕತ್ತೈತ್ರಿ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲೇ ಸೂಜಿಮೊನೆಯಷ್ಟು ತೂತು. ಅದರ ಮೇಲೆ ತೆಳು ತೊಗಲಿನ ತುಂಡು ಅಂಟಿಸಿ ಮತ್ತೆ ತಿದಿ ಒತ್ತುತ್ತಿದ್ದ. ಸುಯ್ ಎನ್ನುವ ಸದ್ದು ನಿಂತಿತೆಂದರೆ ತೂತು ಮುಚ್ಚಿತು ಎಂದೇ ಅರ್ಥ. ಅವನ ಕಸುಬಿನಲ್ಲಿ ಇದಕ್ಕೆ ಎರಡನೆಯ ಮಾತೇ ಇರಲಿಲ್ಲ.

ಅವನಿಗೆ ಮಗಳು ಹುಟ್ಟಿದಾಗ ತನಗೆ ಇಷ್ಟದ ರಾಗದ ಹೆಸರನ್ನೇ ಇಟ್ಟ, ಕಲಾವತಿ. ಮನೆಯವರ ಬಾಯಲ್ಲಿ ಕಲಾ. ಕೂಸಿನ ಕಣ್ಣು ಸ್ವಲ್ಪ ಓರೆ, ಮೂಗು ಚಪ್ಪಟೆ, ಅಂಗೈಯಲ್ಲಿ ಅಡ್ಡಲಾಗಿ ಒಂದೇ ಗೆರೆ. ಎತ್ತಿಕೊಂಡರೆ ಮೈ ಹತ್ತಿಯಂತೆ ಸಡಿಲ. ಹೊಸಕೇರಿ ಡಾಕ್ಟರು ನನ್ನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಅವಳ ಎದೆಯ ಮೇಲೆ ಇಟ್ಟರು. ನಾನು ಕೇಳಿದೆ. ಲಬ್ ಮತ್ತು ಡಬ್ ನಡುವೆ ಸುಮ್ಮನಿರಬೇಕಾದ ಜಾಗದಲ್ಲಿ ಸುಯ್ ಎಂದು ಏನೋ ನುಗ್ಗುತ್ತಿತ್ತು. ಡಾಕ್ಟರು ಕಿವಿಯಿಂದ ನನ್ನನ್ನು ತೆಗೆದು ಕೊರಳಿಗೆ ಹಾಕಿಕೊಂಡರು.

"ಮೌನೇಶಾ, ಕೂಸಿಗೆ ಡೌನ್ ಸಿಂಡ್ರೋಮ್ ಅಂತ ಒಂದು ಸ್ಥಿತಿ ಅದ. ಹುಟ್ಟಿದಾಗಿನಿಂದ ಬಂದಿದ್ದು, ಯಾರ ತಪ್ಪೂ ಅಲ್ಲ. ಎಲ್ಲಾ ಕಲೀತಾಳ, ಆದ್ರ ಸಾವಕಾಶ. ಇಂಥಾ ಮಕ್ಕಳೊಳಗ ಅರ್ಧಕ್ಕರ್ಧ ಮಂದಿಗೆ ಹೃದಯದಾಗ ಏನಾದ್ರೂ ಕೊರತೆ ಇರ್ತದ. ಈಕಿಗೂ ಅದ. ಎರಡು ಕೋಣಿ ನಡುವಿನ ಗೋಡಿಯೊಳಗ ತೂತು."

ಮೌನೇಶ ಉಳಿದ ಮಾತನ್ನೆಲ್ಲ ಕೇಳಿದನೋ ಇಲ್ಲವೋ, ತೂತು ಎಂಬ ಮಾತು ಮಾತ್ರ ಅವನಿಗೆ ಸರಿಯಾಗಿ ತಿಳಿಯಿತು. "ನಾನೂ ಒಮ್ಮಿ ಕೇಳ್ಲೇನ್ರಿ?" ಎಂದ. ಡಾಕ್ಟರು ನನ್ನನ್ನು ಅವನ ಕಿವಿಗೆ ಹಾಕಿದರು. ಕಣ್ಣು ಮುಚ್ಚಿ ಕೇಳಿದ. ಹಾರ್ಮೋನಿಯಂ ಮುಂದೆ ಕೂತಾಗ ಇರುತ್ತಿದ್ದ ಮುಖವೇ.

ಡಾಕ್ಟರೇ ಓಡಾಡಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದರು. ಕೂಸಿಗೆ ಆರು ತಿಂಗಳು ತುಂಬುವ ಹೊತ್ತಿಗೆ ತೂತು ಮುಚ್ಚುವ ಆಪರೇಷನ್ ಆಗಬೇಕೆಂದು ಅಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಮೊದಲೇ ವಯಸ್ಸಾಗಿದ್ದ ಡಾಕ್ಟರ ಕಿವಿ ಮಂದವಾಯಿತು. ದವಾಖಾನೆ ಮುಚ್ಚಿದ ದಿನ ನನ್ನನ್ನು ಮೌನೇಶನ ಕೈಗೆ ಕೊಟ್ಟು, "ನನಗಿಂತ ನಿನ್ನ ಕಿವಿ ಛಲೋ ಅದಾವ, ಇಟ್ಕೋ. ಆದ್ರ ಆಪರೇಷನ್ ತಪ್ಪಿಸಬ್ಯಾಡ" ಎಂದರು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನನಗೆ ದುಃಖವಾಯಿತು. ನನ್ನ ಮಾತಿನ ಅರ್ಥ ತಿಳಿಯುವ ಕಿವಿ ನಾನು ಸೇರಿದ ಹೊಸ ಮನೆಯಲ್ಲಿ ಇರಲಿಲ್ಲ.

ಬಡಿಗೇರರ ಮನೆಯಲ್ಲಿ ಮುಂದಿನ ಕೋಣೆಯೇ ಕಾರ್ಖಾನೆ. ಒಂದು ಮೂಲೆಯಲ್ಲಿ ಮೌನೇಶ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಗಳನ್ನು ಕೆರೆದು ಹದ ಮಾಡುತ್ತಿದ್ದರೆ, ಇನ್ನೊಂದು ಮೂಲೆಯಲ್ಲಿ ಅವನ ಹೆಂಡತಿ ಸುಮಿತ್ರಾ ಪೆಟ್ಟಿಗೆಗಳಿಗೆ ಅರಗಿನ ಪಾಲಿಶ್ ಕೊಡುತ್ತಿದ್ದಳು. ಬಟ್ಟೆಯ ಉಂಡೆಯನ್ನು ಅದ್ದಿ, ಒರೆಸಿ, ಬೆಳಕಿಗೆ ಹಿಡಿದು, ಬಣ್ಣ ಎಲ್ಲಿ ಒಂದು ಕೈ ಹೆಚ್ಚಾಗಿದೆ, ಎಲ್ಲಿ ಕಡಿಮೆಯಾಗಿದೆ ಎಂದು ನೋಡುವುದು ಅವಳ ಕೆಲಸ. ಗಂಡನದು ಕಿವಿ, ಹೆಂಡತಿಯದು ಕಣ್ಣು. ಮೌನೇಶನ ತಾಯಿ ದ್ಯಾಮವ್ವನದು ಬಾಯಿ. ಮನೆ ಹೀಗೆ ನಡೆಯುತ್ತಿತ್ತು.

ಮೌನೇಶ ದಿನವೂ ಬೆಳಿಗ್ಗೆ ಮುಖ ತೊಳೆದು, ದೇವರಿಗೆ ಕೈಮುಗಿದು, ಕೂಸಿನ ಎದೆಗೆ ನನ್ನನ್ನು ಇಡುತ್ತಿದ್ದ. ಸುಯ್ ಸದ್ದು ಕೇಳಿದಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಕೂಸು ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು ಸುರಿಯುತ್ತಿತ್ತು, ನಾಲ್ಕು ಗುಟುಕಿಗೆ ದಣಿದು ಬಿಟ್ಟುಬಿಡುತ್ತಿತ್ತು. ಮೈಗೆ ಮಾಂಸ ಹತ್ತಲಿಲ್ಲ. ಆಪರೇಷನ್ನಿನ ದಿನ ಹತ್ತಿರ ಬಂದಾಗ ನೆಗಡಿ, ಕಫ, ಜ್ವರ. ಎದೆ ತಿಳಿಯಾದ ಮೇಲೆ ಕರೆತನ್ನಿ ಎಂದು ಆಸ್ಪತ್ರೆಯವರು ದಿನ ಮುಂದೆ ಹಾಕಿದರು. ಮತ್ತೊಮ್ಮೆ ಹೋಗುವಷ್ಟರಲ್ಲಿ ಮತ್ತೆ ಕಫ. ಮನೆಯಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು.

ಆಮೇಲೆ ಒಂದು ವಿಚಿತ್ರ ನಡೆಯಿತು. ಸುಯ್ ಸದ್ದು ಸಣ್ಣದಾಗತೊಡಗಿತು. ಮೊದಲು ನಾನೇ ನಂಬಲಿಲ್ಲ. ನನ್ನ ಬಿಲ್ಲೆ ಸರಿಯಾಗಿ ಕೂತಿಲ್ಲವೇನೋ ಎಂದುಕೊಂಡೆ. ದಿನ ಕಳೆದಂತೆ ಅದು ಇನ್ನಷ್ಟು ಇಳಿಯಿತು. ಜತೆಗೆ ಕೂಸಿನ ಕಫ ಕಡಿಮೆಯಾಯಿತು, ಹಣೆಯ ಬೆವರು ನಿಂತಿತು, ಬಟ್ಟಲು ತುಂಬ ರಾಗಿ ಸರಿ ತಿನ್ನತೊಡಗಿತು. ಕೆನ್ನೆ ತುಂಬಿಕೊಂಡವು. ಒಂದು ಬೆಳಿಗ್ಗೆ ಮೌನೇಶ ಕಿವಿಗೊಟ್ಟು ಕೇಳಿದ, ಜಾಗ ಬದಲಿಸಿ ಕೇಳಿದ, ಮತ್ತೆ ಕೇಳಿದ. ಸದ್ದಿಲ್ಲ.

"ಅವ್ವಾ! ಏ ಸುಮಿತ್ರಾ! ಬರ್ರಿಲ್ಲೆ! ಸೋರೂದು ನಿಂತೈತಿ! ತೂತು ತಾನ ಮುಚ್ಚೈತಿ!"

ದ್ಯಾಮವ್ವ ದೇವರ ಮುಂದೆ ಅಡ್ಡಬಿದ್ದಳು. ಕೂಸಿಗೆ ದೃಷ್ಟಿ ತೆಗೆದಳು. ಓಣಿಗೆಲ್ಲ ಹೋಳಿಗೆ ಹಂಚಿದರು. ಮೌನೇಶ ನನ್ನನ್ನು ಒಬ್ಬೊಬ್ಬರ ಕಿವಿಗೂ ಹಾಕಿ, "ಕೇಳ್ರಿ, ಏನಾರ ಕೇಳಿಸ್ತೈತೇನು? ಇಲ್ಲಲ್ಲ? ಬಡಿತ ಹ್ಯಾಂಗ ಗಟ್ಟಿಯಾಗೈತಿ ನೋಡ್ರಿ" ಎಂದು ಕುಣಿದಾಡಿದ.

ಬಡಿತ ಗಟ್ಟಿಯಾದದ್ದು ನಿಜ. ಅದೇ ನನ್ನ ಸಂಶಯ. ಲಬ್ ಹಾಗೆಯೇ ಇತ್ತು, ಡಬ್ ಮಾತ್ರ ಮೊದಲಿನ ಡಬ್ ಅಲ್ಲ. ಗಾಳಿಗೆ ಬಾಗಿಲು ಬಡಿದುಕೊಂಡಂತೆ ದಡ್ ಎನ್ನುತ್ತಿತ್ತು. ತೂತು ಮುಚ್ಚಿದ ಎದೆಗಳನ್ನು ನಾನು ಹೊಸಕೇರಿ ಡಾಕ್ಟರ ಕಾಲದಲ್ಲಿ ಕೇಳಿದ್ದೆ. ಅಲ್ಲಿ ಡಬ್ ಮೆತ್ತಗೆ ಬೀಳುತ್ತಿತ್ತು. ಇಲ್ಲಿ ಯಾರೋ ಒಳಗಿನಿಂದ ಬಾಗಿಲನ್ನು ಒತ್ತಿ ಮುಚ್ಚುತ್ತಿದ್ದರು. ಆದರೆ ನಾನು ಸದ್ದು ದಾಟಿಸಬಲ್ಲೆನೇ ಹೊರತು ಅದರ ಅರ್ಥ ಹೇಳಲಾರೆ. ಮೌನೇಶನಿಗೋ ಅದು ಮಗಳ ಶಕ್ತಿಯ ಗುರುತಾಗಿ ಕೇಳಿಸುತ್ತಿತ್ತು.

ಆಸ್ಪತ್ರೆ ಕೊಟ್ಟ ಹೊಸ ದಿನ ಬಂತು, ಹೋಯಿತು. ಮೌನೇಶ ಹೋಗಲಿಲ್ಲ. ಸುಮಿತ್ರಾ ಬಾಯಿ ತೆರೆದಳು.

"ಒಮ್ಮಿ ಹೋಗಿ ತೋರಿಸ್ಕೊಂಡ ಬರೂಣ್ರಿ. ಮುಚ್ಚೈತಿ ಅಂತ ಅವರ ಹೇಳ್ಲಿ."

"ಯಾಕ, ನಾ ಹೇಳಿದ್ರ ಸಾಲೂದಿಲ್ಲೇನು? ಇಪ್ಪತ್ತು ವರ್ಷ ಆತು ತಿದಿ ಸೋರೂದು ಕೇಳಾಕತ್ತು. ಒಂದರ ತಪ್ಪೈತೇನು? ನಿಂತೈತಿ ಅಂದ್ರ ನಿಂತೈತಿ. ಆರಾಮ ಇರೂ ಕೂಸಿನ ಎದಿ ಸೀಳಸ್ತೀಯೇನು?"

"ಸೀಳಸ್ರಿ ಅಂತ ಯಾರಂದ್ರು? ಅಳುವಾಗ ತುಟಿ ನೋಡೀರೇನು? ನೇರಳಿಹಣ್ಣು ತಿಂದಂಗ ಆಗ್ತಾವು. ಉಗುರೂ ಹಂಗ, ಒಂದು ಕೈ ಪಾಲಿಶ್ ಹೆಚ್ಚಿಗಿ ಕೊಟ್ಟಂಗ."

ಒಳಗಿನಿಂದ ದ್ಯಾಮವ್ವ, "ಬಣ್ಣ ನಿನ್ನ ಕಡೀಂದು ಬಂದೈತಿ ತಗೋ. ನಮ್ಮ ಕಡಿ ಎಲ್ಲಾರೂ ಕೆಂಪು" ಎಂದಳು. ಸುಮಿತ್ರಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣು ಗೋಡೆಯ ಗೂಟದ ಮೇಲೆ ನೇತಾಡುತ್ತಿದ್ದ ನನ್ನ ಮೇಲಿತ್ತು.

"ಈ ನಳಗಿ ಕೆಟ್ಟೈತಿ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಜಗತ್ತನ್ನೆಲ್ಲ ಅನುಮಾನಿಸುವ ನನ್ನನ್ನೇ ಈಕೆ ಅನುಮಾನಿಸುವುದೆಂದರೆ! ಮೌನೇಶನಿಗೂ ಸಿಟ್ಟು. ನನ್ನನ್ನು ತನ್ನ ಎದೆಗೆ ಇಟ್ಟುಕೊಂಡು ಕೇಳಿದ. ತಾಯಿಯ ಎದೆಗೆ ಇಟ್ಟು ಅವಳ ದಮ್ಮಿನ ಸೀಟಿಯನ್ನು ಸುಮಿತ್ರಾಗೆ ಕೇಳಿಸಿದ. "ಬರೋಬರಿ ಐತಿ. ಕೆಟ್ಟಿದ್ದು ನಿನ್ನ ತಲಿ" ಎಂದು ಮುಖ ಊದಿಸಿಕೊಂಡು ಕೆಲಸಕ್ಕೆ ಕೂತ. ಸುಮಿತ್ರಾ ಅಂದಿನಿಂದ ಕೂಸು ಅಳುವುದನ್ನೇ ಕಾಯತೊಡಗಿದಳು. ಅತ್ತ ಕೂಡಲೇ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಓಡುತ್ತಿದ್ದಳು. ಹೆತ್ತವಳು ಕೂಸಿನ ಅಳುವಿಗಾಗಿ ಕಾಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಲಾಗೆ ಒಂದು ವರ್ಷ ದಾಟಿತ್ತು. ಹೊಸ್ತಿಲು ದಾಟಿ ತೆವಳುವಳು, ನಡುವೆ ನಿಂತು ದಮ್ಮು ಎಳೆದುಕೊಳ್ಳುವಳು. "ಇಂಥಾ ಕೂಸುಗಳು ಹಂಗ, ಜಲ್ದಿ ದಣೀತಾವು" ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ಸುಮಿತ್ರಾಗೆ ಈ ಮಾತಿನ ಮೇಲೆಯೂ ಅನುಮಾನ. ಏನೇ ಆದರೂ ಅದಕ್ಕೆ ಕೂಸಿನ ಆ ಸ್ಥಿತಿಯೇ ಕಾರಣವೇ? ಒಂದು ಬೆಳಿಗ್ಗೆ ಪಾಲಿಶ್‌ಗೆ ಅರಗು ತರುತ್ತೇನೆಂದು ಹೇಳಿ, ಕೂಸನ್ನು ಸೊಂಟಕ್ಕೆ ಏರಿಸಿ, ನನ್ನನ್ನು ಗೂಟದಿಂದ ತೆಗೆದು ಚೀಲದೊಳಗೆ ತುರುಕಿದಳು. ಹೊಸದಾಗಿ ಬಂದಿದ್ದ ಮಕ್ಕಳ ಡಾಕ್ಟರ್ ನಫೀಸಾ ಮುಲ್ಲಾ ಅವರ ದವಾಖಾನೆಗೆ ಹೋದಳು.

"ಏನಾಗ್ಯದ ಕೂಸಿಗೆ?" ಎಂದರು ಡಾಕ್ಟರು.

"ಕೂಸು ಆರಾಮೈತಿ ಅಂತಾರ್ರಿ ಮೇಡಂ. ನಾ ಈ ನಳಗಿ ತೋರಸಾಕ ಬಂದೇನ್ರಿ. ಇದು ಕೆಟ್ಟೈತೇನು ನೋಡಿ ಹೇಳ್ರಿ."

ಡಾಕ್ಟರು ನಕ್ಕರು. ಪೇಶಂಟು ಎಂದು ಸ್ಟೆತಸ್ಕೋಪನ್ನು ಯಾರೂ ತಂದಿರಲಿಲ್ಲವಂತೆ. ನಗುತ್ತಲೇ ನನ್ನನ್ನು ಕಿವಿಗೆ ಹಾಕಿಕೊಂಡು ಬಿಲ್ಲೆಯನ್ನು ಉಗುರಿನಿಂದ ಬಡಿದು ನೋಡಿದರು, ಟಕ್. ನನಗೆ ಹುಟ್ಟಿದ ಮನೆಯ ನೆನಪಾಯಿತು. ಆಮೇಲೆ ಕಲಾಳ ಎದೆಗೆ ಇಟ್ಟರು. ಅವರ ನಗು ಅಲ್ಲಿಗೇ ನಿಂತಿತು. ಬಿಲ್ಲೆಯನ್ನು ಒಂದು ಬೆರಳು ಎಡಕ್ಕೆ ಸರಿಸಿದರು. ಕಣ್ಣು ಕಿರಿದು ಮಾಡಿ ಮತ್ತೆ ಕೇಳಿದರು. ನನಗೆ ಖುಷಿಯಾಯಿತು ಎಂದರೆ ತಪ್ಪು ತಿಳಿಯಬೇಡಿ. ಎಷ್ಟೋ ದಿನಗಳ ಮೇಲೆ ನನ್ನ ಜಾತಿಯವರು ಒಬ್ಬರು ಸಿಕ್ಕಿದ್ದರು.

"ನಳಗಿ ಕೆಟ್ಟಿಲ್ಲವ್ವಾ," ಎಂದರು. "ಮೊದಲು ಈ ಎದಿಯೊಳಗ ಏನರ ಸದ್ದು ಇತ್ತೇನು?"

ಸುಮಿತ್ರಾ ಎಲ್ಲವನ್ನೂ ಹೇಳಿದಳು. ಡಾಕ್ಟರು ಕೂಸಿನ ಬೆರಳಿಗೆ ಒಂದು ಸಣ್ಣ ಚಿಮಟ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ನೋಡಿದರು. ಚಿಮಟ ಕಂಡು ಕೂಸು ಅತ್ತಿತು. ಅಂಕೆ ಜರ್ರನೆ ಕೆಳಗಿಳಿಯಿತು. ತುಟಿ ನೇರಳೆಯಾಯಿತು. "ಇದ ನೋಡ್ರಿ, ಇದ ಬಣ್ಣ" ಎಂದಳು ಸುಮಿತ್ರಾ, ಕಳ್ಳನನ್ನು ಕೊನೆಗೂ ಹಿಡಿದುಕೊಟ್ಟವಳಂತೆ. ಹಾಗೆಂದವಳೇ ಅಳತೊಡಗಿದಳು.

ಅಂದೇ ಹೃದಯದ ಸ್ಕ್ಯಾನಿಂಗ್ ಆಯಿತು. ಸಂಜೆ ಮೌನೇಶ ಓಡಿ ಬಂದ. ಹೆಂಡತಿ ತನಗೆ ಹೇಳದೆ ಬಂದದ್ದಕ್ಕೆ ಸಿಟ್ಟು, ಒಳಗೊಳಗೆ ಹೆದರಿಕೆ. ಡಾಕ್ಟರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತೂತು ಹಂಗ ಅದ," ಎಂದರು ಡಾಕ್ಟರು. "ಮೊದಲಿದ್ದಷ್ಟ ದೊಡ್ಡದು."

"ಸಾಧ್ಯನ ಇಲ್ರಿ. ದಿನಾ ಕೇಳ್ತೇನಿ. ಸೋರೂ ಸದ್ದ ಇಲ್ಲ. ನನ್ನ ಕಿವಿ ಸುಳ್ಳ ಹೇಳಂಗಿಲ್ರಿ."

"ನಿಮ್ಮ ಕಿವಿ ಸುಳ್ಳು ಹೇಳಿಲ್ಲ. ನನಗೂ ಸದ್ದು ಕೇಳಿಸಿಲ್ಲ. ನಿಮ್ಮ ಹಾರ್ಮೋನಿಯಂ ತಿದಿ ಸೋರಿದ್ರ ಸದ್ದು ಯಾಕ ಬರ್ತದ, ಹೇಳ್ರಿ?"

"ಒಳಗ ಗಾಳಿ ಒತ್ತು ಹೆಚ್ಚಿರ್ತೈತಿ, ಹೊರಗ ಕಡಿಮಿ. ಅದಕ್ಕ ನುಗ್ಗತೈತ್ರಿ."

"ಒಳಗೂ ಹೊರಗೂ ಒತ್ತು ಒಂದ ಸಮ ಆದ್ರ?"

ತಿದಿ ಒತ್ತದೆ ಬಿಟ್ಟರೆ ಹರಿದ ತಿದಿಯೂ ಸುಮ್ಮನಿರುತ್ತದೆ ಎಂಬುದು ಮೌನೇಶನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

"ಸದ್ದ ಬರಂಗಿಲ್ರಿ," ಎಂದ.

ಡಾಕ್ಟರು ನಿಧಾನವಾಗಿ ತಿಳಿಸಿದರು. ಆ ತೂತಿನಿಂದ ಇಷ್ಟು ದಿನ ಹೆಚ್ಚು ರಕ್ತ ಶ್ವಾಸಕೋಶಕ್ಕೆ ನುಗ್ಗಿದೆ. ಆ ಹೊಡೆತ ತಾಳಲಾರದೆ ಅಲ್ಲಿನ ಸಣ್ಣ ರಕ್ತನಾಳಗಳು ದಪ್ಪಗಟ್ಟಿ ಬಿಗಿಯುತ್ತಿವೆ. ಶ್ವಾಸಕೋಶದ ಕಡೆಯ ಒತ್ತಡ ಏರಿ ಏರಿ ಈಗ ಎರಡೂ ಕಡೆ ಸಮವಾಗಿದೆ. ಅದಕ್ಕೇ ಸದ್ದು ನಿಂತಿತು. ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾದದ್ದಕ್ಕೇ ಕಫ ಹೋಯಿತು, ಮೈ ತುಂಬಿತು. ಕೂಸು ಅತ್ತಾಗ ಕೆಟ್ಟ ರಕ್ತ ಹಿಂದಕ್ಕೆ ತಿರುಗಿ ಒಳ್ಳೆಯದರ ಜತೆ ಸೇರಿ ತುಟಿ ನೇರಳೆಯಾಗುತ್ತಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಉಳಿದವರಿಗಿಂತ ಬೇಗ ಆಗುತ್ತದೆ. ಬೇಗ ಆಪರೇಷನ್ ಮಾಡಿಸಿ ಎಂದು ಹೇಳಿದ್ದು ಇದಕ್ಕೇ.

"ಈಗ ಮುಚ್ಚಿಸಿಬಿಡ್ರಿ. ನಾಳೇನ ಮುಚ್ಚಿಸ್ರಿ," ಎಂದ ಮೌನೇಶ.

"ಅದ ಕಷ್ಟ ಅದ. ನಾಳಗಳು ಪೂರ್ತಿ ಬಿಗಿದು ಕಲ್ಲಾಗಿದ್ರ ತೂತು ಮುಚ್ಚೂ ಹಂಗಿಲ್ಲ. ಒತ್ತಡ ಹೊರಗ ಹೋಗಾಕ ಅದೊಂದ ದಾರಿ ಆಗಿರ್ತದ. ಮುಚ್ಚಿದ್ರ ಕೂಸು ಉಳಿಯೂದಿಲ್ಲ. ತಡ ಆಗ್ಯದೋ ಇಲ್ಲೋ, ದೊಡ್ಡ ಆಸ್ಪತ್ರಿಯೊಳಗ ಪರೀಕ್ಷಾ ಮಾಡಿ ನೋಡಬೇಕು."

ಮೌನೇಶ ಕೊನೆಗೆ ಕೂತ, ಕುರ್ಚಿಯ ಮೇಲಲ್ಲ, ನೆಲದ ಮೇಲೆ. ತಾನು ಹಂಚಿದ ಹೋಳಿಗೆ ಅವನಿಗೆ ನೆನಪಾಗಿರಬೇಕು. ಹೆಂಡತಿಯ ಕಡೆ ನೋಡಲು ಅವನಿಂದ ಆಗಲಿಲ್ಲ. ಸುಮಿತ್ರಾ ಬೈಯುತ್ತಾಳೆಂದು ನಾನು ಕಾದೆ. ಅವಳು ಬೈಯಲಿಲ್ಲ. ಕೂಸನ್ನು ಅವನ ತೊಡೆಯ ಮೇಲೆ ಹಾಕಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪರೀಕ್ಷೆಯ ದಿನ ನಾನು ಮೌನೇಶನ ಅಂಗಿಯ ಜೇಬಿನಲ್ಲಿದ್ದೆ. ಯಾಕೆ ತಂದನೋ ಅವನಿಗೇ ತಿಳಿದಿರಲಿಲ್ಲ. ಒಳಗೆ ಕಲಾಳ ತೊಡೆಯ ನಾಳದಿಂದ ಸಣ್ಣ ನಳಿಕೆಯೊಂದನ್ನು ಹೃದಯದವರೆಗೆ ಏರಿಸಿ, ಆಮ್ಲಜನಕ ಕೊಟ್ಟು, ಶ್ವಾಸಕೋಶದ ಒತ್ತಡ ಇಳಿಯುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ಇಳಿದರೆ ನಾಳಗಳಲ್ಲಿ ಇನ್ನೂ ಜೀವವಿದೆ ಎಂದು, ಇಳಿಯದಿದ್ದರೆ ಕಥೆ ಮುಗಿಯಿತೆಂದು. ಜೇಬಿನೊಳಗಿದ್ದ ನನಗೆ ಕೇಳುತ್ತಿದ್ದುದು ಮೌನೇಶನ ಎದೆಯೊಂದೇ. ಅಷ್ಟು ಗಾಬರಿಬಿದ್ದ ಎದೆಯನ್ನು ಹೊಸಕೇರಿ ಡಾಕ್ಟರ ದವಾಖಾನೆಯಲ್ಲೂ ನಾನು ಕೇಳಿರಲಿಲ್ಲ. ಪಕ್ಕದಲ್ಲಿ ದ್ಯಾಮವ್ವ ಮೊದಲ ಬಾರಿಗೆ ಬಾಯಿಮುಚ್ಚಿ ಕೂತಿದ್ದಳು.

ಹೊರಗೆ ಬಂದ ಹಿರಿಯ ಡಾಕ್ಟರು ನಗಲಿಲ್ಲ, ಆದರೆ ತಲೆಯನ್ನೂ ಅಲ್ಲಾಡಿಸಲಿಲ್ಲ. "ಒತ್ತಡ ಇಳಿದದ. ನಾವು ಅಂದುಕೊಂಡಷ್ಟಲ್ಲ, ಆದ್ರೂ ಇಳಿದದ. ಇನ್ನ ಸ್ವಲ್ಪ ತಿಂಗಳು ಬಿಟ್ಟಿದ್ರ ಆಗ್ತಿರಲಿಲ್ಲ. ಆಪರೇಷನ್ ಮಾಡೂಣು, ಅಪಾಯ ಅದ ಅನ್ನೂದು ಗೊತ್ತಿರ್ಲಿ."

ಅದೇ ವಾರ ಆಪರೇಷನ್ ಆಯಿತು. ಆ ದಿನದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಜೇಬಿನ ಕತ್ತಲಲ್ಲಿದ್ದವನಿಗೆ ಏನು ಕಂಡೀತು? ಕಲಾ ಕಣ್ಣು ತೆರೆದಳು, ಅಷ್ಟು ಗೊತ್ತು. ಉಸಿರಿನ ಯಂತ್ರದಿಂದ ಬಿಡಿಸಿಕೊಳ್ಳಲು ಬಹಳ ಒದ್ದಾಡಿದಳು. ಕೊನೆಗೆ ಸಾಮಾನ್ಯ ವಾರ್ಡಿಗೆ ಬಂದ ಮೇಲೆ ನರ್ಸ್ ಒಬ್ಬರು ಮೌನೇಶನ ಜೇಬಿನಿಂದ ಇಣುಕುತ್ತಿದ್ದ ನನ್ನನ್ನು ನೋಡಿ, "ಕೇಳ್ರಿ ಬೇಕಿದ್ರ, ಪಟ್ಟಿ ಮುಟ್ಟಬ್ಯಾಡ್ರಿ" ಎಂದರು.

ಅವನು ನನ್ನನ್ನು ಕಿವಿಗೆ ಹಾಕಿಕೊಂಡು ಪಟ್ಟಿಯ ಪಕ್ಕದಲ್ಲಿ ಹಗುರವಾಗಿ ಇಟ್ಟ. ಲಬ್, ಡಬ್. ನಡುವೆ ಏನೂ ಇಲ್ಲ. ಸುಯ್ ಇಲ್ಲ.

ಅವನು ನನ್ನನ್ನು ಕಿತ್ತು ಹಾಸಿಗೆಯ ಮೇಲೆ ಇಟ್ಟುಬಿಟ್ಟ. "ಸುಮಿತ್ರಾ, ಈಗೂ ಸುಮ್ಮನ ಐತಿ. ಆಗೂ ಸುಮ್ಮನ ಇತ್ತು. ನಾ ಯಾವುದನ್ನ ನಂಬ್ಲಿ?"

ನನಗೆ ಗೊತ್ತಿತ್ತು. ಆ ದಡ್ ಇಳಿದಿತ್ತು. ಪೂರ್ತಿ ಅಲ್ಲ, ಆದರೆ ಬಾಗಿಲು ಬಡಿಯುವುದು ನಿಂತಿತ್ತು. ಹೇಳಲು ನನಗೆ ಬಾಯಿಲ್ಲ. ಸುಮಿತ್ರಾ ಮಗಳ ಪುಟ್ಟ ಕೈಯನ್ನು ಕಿಟಕಿಯ ಕಡೆ ತಿರುಗಿಸಿ, ಒಂದು ಉಗುರನ್ನು ಒತ್ತಿ ಬಿಟ್ಟಳು. ಬೆಳ್ಳಗಾದ ಉಗುರಿನೊಳಗೆ ಕೆಂಪು ಮೆಲ್ಲನೆ ತುಂಬಿಕೊಂಡಿತು. "ಸದ್ದು ಬ್ಯಾಡ್ರಿ. ಇದನ್ನ ನೋಡ್ರಿ" ಎಂದಳು. ಮೌನೇಶ ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

ಆಮೇಲೆ ಅವನು ನನ್ನನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾರ್ಮೋನಿಯಂ ರಿಪೇರಿಯಲ್ಲೂ ಅವನ ರೀತಿ ಬದಲಾಯಿತು. ತಿದಿ ಸುಮ್ಮನಿದ್ದರೆ ಒಳಗೆ ದೀಪವಿಟ್ಟು ಹೊರಗಿನಿಂದ ಬೆಳಕಿನ ಚುಕ್ಕೆ ಹುಡುಕುತ್ತಿದ್ದ. ಗಿರಾಕಿಗಳು "ಯಾಕೋ ಬಡಿಗೇರ, ಕಿವಿ ಹ್ವಾದ್ವೇನು?" ಎಂದು ಚೇಷ್ಟೆ ಮಾಡಿದರೆ, "ಅದಾವ್ರಿ, ನಂಬೂದ ಬಿಟ್ಟೇನಿ" ಎನ್ನುತ್ತಿದ್ದ. ನನ್ನನ್ನು ಗೂಟಕ್ಕೆ ಹಾಕಿ ಮರೆತುಬಿಟ್ಟ. ಸ್ವಲ್ಪ ಬೇಜಾರಾಯಿತು, ಆದರೆ ಅವನೂ ನನ್ನಂತೆ ಸಂಶಯದವನಾದದ್ದು ನನಗೆ ಒಳಗೊಳಗೆ ಸಮಾಧಾನವೇ.

ನನ್ನನ್ನು ಗೂಟದಿಂದ ಇಳಿಸಿದ್ದು ಕಲಾ. ನಿಲ್ಲಲು ಕಲಿತ ಮೇಲೆ ಅವಳು ಮೊದಲು ಹಟ ಹಿಡಿದದ್ದು ನನಗಾಗಿ. ಕೊರಳಿಗೆ ಹಾಕಿಕೊಂಡು ಬೆಕ್ಕನ್ನು, ಹಿಟ್ಟಿನ ಡಬ್ಬವನ್ನು, ಅಜ್ಜಿಯ ಮೊಣಕಾಲನ್ನು ಪರೀಕ್ಷಿಸಿದಳು. ಬೆಳೆದು ದೊಡ್ಡವಳಾದಳು. ಶ್ವಾಸಕೋಶದ ಒತ್ತಡ ಸ್ವಲ್ಪ ಉಳಿದುಕೊಂಡಿದೆ. ಅದಕ್ಕೆ ದಿನವೂ ಗುಳಿಗೆ, ವರ್ಷಕ್ಕೊಮ್ಮೆ ಸ್ಕ್ಯಾನಿಂಗ್. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆ. ತಾನೊಬ್ಬಳೇ ನಿಲ್ಲುವುದಿಲ್ಲ, ಹಿಂದೆ ಮುಂದೆ ಇರುವವರನ್ನೂ "ನಿಂದರ್ರಿ" ಎಂದು ಗದರಿ ನಿಲ್ಲಿಸುತ್ತಾಳೆ. ಚುರುಮುರಿಯ ಗಿರಮಿಟ್ಟಿನಲ್ಲಿ ಉಳ್ಳಾಗಡ್ಡಿ ಕಡಿಮೆಯಾದರೆ ಮುಟ್ಟುವುದಿಲ್ಲ. ಅಪ್ಪ ಸ್ವರ ಕೂಡಿಸುವಾಗ ತಿದಿ ಒತ್ತುವುದು ಅವಳ ಕೆಲಸ; ಬೇರೆ ಯಾರಾದರೂ ತಿದಿ ಮುಟ್ಟಿದರೆ ಅಂದು ಮಾತು ಬಂದ್. ದ್ಯಾಮವ್ವ ಇದ್ದಷ್ಟು ದಿನ ಮೊಮ್ಮಗಳಿಗೆ ಮಾತ್ರ ಹೆದರುತ್ತಿದ್ದಳು.

ನನಗೀಗ ವಯಸ್ಸಾಗಿದೆ. ರಬ್ಬರು ಬಿರಿದು, ಕೊಳವೆ ಎರಡು ಕಡೆ ಸೀಳಿದೆ. ಬಿಲ್ಲೆಯ ಪರದೆ ಹೋಗಿ ಎಷ್ಟೋ ಕಾಲವಾಯಿತು. ನಿಜ ಹೇಳಬೇಕೆಂದರೆ ನನ್ನೊಳಗೆ ಈಗ ಒಂದು ಸದ್ದೂ ದಾಟುವುದಿಲ್ಲ. ಗುಜರಿಯವನು ಬಂದಾಗ ಮೌನೇಶ ನನ್ನನ್ನು ಒಮ್ಮೆ ಕೈಗೆತ್ತಿಕೊಂಡಿದ್ದ. ಕಲಾ ಅವನ ಕೈಯಿಂದ ಕಸಿದುಕೊಂಡು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು. ಅದೇ ಈಗ ನನ್ನ ಮನೆ.

ಸುಮಿತ್ರಾ ತೀರಿಹೋಗಿ ಎರಡು ವರ್ಷವಾಯಿತು. ಮೌನೇಶನ ಕೂದಲು ಪೂರ್ತಿ ಬೆಳ್ಳಗಾಗಿದೆ. ಈಚೆಗೆ ಅವನಿಗೂ ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಿಗೆ ತೋರಿಸಿದ್ದಾನೆ, ಅವನಿಗೂ ಗುಳಿಗೆ ಶುರುವಾಗಿದೆ. ಆದರೂ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಅವನಿಗೆ ಮಗಳ ಅಪ್ಪಣೆ ಬೇಕು. ಕಲಾ ನನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಅವನ ಎದೆಗೆ ಇಡುತ್ತಾಳೆ. ಎದೆಯ ಜಾಗ ಯಾವುದೆಂದು ಅವಳಿಗೆ ಲೆಕ್ಕವಿಲ್ಲ, ಒಮ್ಮೊಮ್ಮೆ ಅಂಗಿಯ ಗುಂಡಿಯ ಮೇಲೆ ಕೂರುತ್ತೇನೆ. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಕೇಳುತ್ತಾಳೆ.

"ಏನ ಕೇಳಿಸ್ತವ್ವಾ?" ಎಂದು ಕೇ‍ಳುತ್ತಾನೆ ಮೌನೇಶ.

"ಏನಿಲ್ಲ," ಎನ್ನುತ್ತಾಳೆ.

ನಾನು ಕೆಟ್ಟಿರುವುದು ಅವಳಿಗೆ ಗೊತ್ತಿದೆಯೆಂದು ನನ್ನ ಅನುಮಾನ. ಯಾಕೆಂದರೆ ಅಷ್ಟಕ್ಕೇ ಅವಳು ಎಂದೂ ಬಿಡುವುದಿಲ್ಲ. ನನ್ನನ್ನು ಕಿವಿಯಿಂದ ತೆಗೆದು ಪಕ್ಕಕ್ಕೆ ಇಡುತ್ತಾಳೆ, ಕಿಟಕಿಯ ಪರದೆಯನ್ನು ಸರಿಸುತ್ತಾಳೆ. ಅವ್ವನಿಂದ ಕಲಿತ ಕೆಲಸ ಅದು. ಒಂದು ಕಾಲಕ್ಕೆ 'ಏನಿಲ್ಲ' ಎಂಬ ಮಾತಿಗೆ ಹೋಳಿಗೆ ಹಂಚಿದವನು, ಅವಳು ಕೇಳುವ ಮೊದಲೇ ತನ್ನ ಎರಡೂ ಕೈಗಳನ್ನು ಬೆಳಕಿಗೆ ಚಾಚುತ್ತಾನೆ. ಅವಳು ಒಂದೊಂದೇ ಉಗುರನ್ನು ಒತ್ತಿ ಬಿಟ್ಟು ನೋಡುತ್ತಾಳೆ.

"ಕೆಂಪದಾವ," ಎನ್ನುತ್ತಾಳೆ ಕೊನೆಗೆ. "ಏಳು ಅಪ್ಪಾ."

ಅವನು ಏಳುತ್ತಾನೆ.